ಡಿಫರೆನ್ಷಿಯಲ್ ಕೊಟ್ಟ ತೋಟದ ಮಾಲಿ ಜೇಮ್ಸ್ ಸ್ಟಾರ್ಲಿ

ಚಿತ್ರದುರ್ಗದಿಂದ ದಾವಣಗೆರೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಿಗುವ ದೊಡ್ಡ ಊರು ಭರಮಸಾಗರ. ಪಾಳೆಯಗಾರ ಭರಮಣ್ಣ ನಾಯಕನ ಹೆಸರನ್ನು ಹೊತ್ತ ಕೆರೆ ಇಲ್ಲಿಯದು. ಹೆದ್ದಾರಿಯ ಮೇಲೆ ಓಡುತ್ತಿರುವಷ್ಟು ಹೊತ್ತು ಜೀಪಿನ ಹಿಂದಿನ ಎರಡು ಚಕ್ರಗಳ ನಡುವೆ ಗಡಿಗೆಯಂತೆ ಉಬ್ಬಿಕೊಂಡಿರುವ ಕಬ್ಬಿಣದ ಭಾಗದ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದಾಗ, ಅದರಲ್ಲೂ ಮಳೆ ಬಿದ್ದ ಮರುದಿನ, ಆ ಗಡಿಗೆಯ ಮಹತ್ವ ತಿಳಿಯುತ್ತದೆ. ಒಂದು ಚಕ್ರ ಕೆಸರಿನಲ್ಲಿ ಗರಗರನೆ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ಅಲುಗಾಡುವುದಿಲ್ಲ. ಚಾಲಕ ಸಿಟ್ಟಿನಿಂದ ಆಕ್ಸಿಲರೇಟರ್ ತುಳಿಯುತ್ತಾನೆ. ಒಳಗಿನಿಂದ ಟಕ್ ಎಂಬ ಸದ್ದು ಬರುತ್ತದೆ. ಅಲ್ಲಿಗೆ ಆ ದಿನದ ಪ್ರಯಾಣ ಮುಗಿಯಿತೆಂದೇ ಲೆಕ್ಕ.

ಗ್ಯಾರೇಜಿನವರು ಹೌಸಿಂಗ್ ಹೋಯಿತೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವ ಈ ಭಾಗದ ಸರಿಯಾದ ಹೆಸರು ಡಿಫರೆನ್ಷಿಯಲ್. ಕಾರು, ಲಾರಿ, ಬಸ್ಸು, ಟ್ರ್ಯಾಕ್ಟರ್, ಆಟೋರಿಕ್ಷಾ, ಹೀಗೆ ಎರಡು ಚಕ್ರಗಳಿಗೆ ಒಂದೇ ಎಂಜಿನ್ನಿನಿಂದ ಬಲ ಹೋಗುವ ಬಹುಪಾಲು ವಾಹನಗಳಲ್ಲಿ ಅದು ಇದೆ. ಅದನ್ನು ಜನಬಳಕೆಗೆ ತಂದವನು ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಮೋಟಾರು ವಾಹನದ ಕಾಲಕ್ಕೂ ಅವನು ಸೇರಿದವನಲ್ಲ. ತೋಟದ ಮಾಲಿಯಾಗಿದ್ದು, ಹೊಲಿಗೆ ಯಂತ್ರದ ರಿಪೇರಿಯಿಂದ ಮೇಲೆ ಬಂದು, ಬೈಸಿಕಲ್ ಉದ್ಯಮದ ಪಿತಾಮಹನೆಂದು ಹೆಸರಾದ ಜೇಮ್ಸ್ ಸ್ಟಾರ್ಲಿ ಎಂಬ ಇಂಗ್ಲಿಷ್ ರೈತನ ಮಗ ಆತ.

ಸ್ಟಾರ್ಲಿ ಹುಟ್ಟಿದ್ದು 1830ರ ಏಪ್ರಿಲ್ 21ರಂದು, ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಆಲ್ಬೋರ್ನ್ ಎಂಬ ಹಳ್ಳಿಯಲ್ಲಿ. ಒಂಬತ್ತರ ಹರೆಯಕ್ಕೇ ತಂದೆಯ ಹೊಲದಲ್ಲಿ ದುಡಿಮೆ ಆರಂಭವಾಯಿತು. ಶಾಲೆಯ ಓದು ಹೆಚ್ಚು ಸಾಗಲಿಲ್ಲ. ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ಮುರಿದ ಕೊಡೆಯ ಕಡ್ಡಿ ಮತ್ತು ಬಾಗುವ ವಿಲೋ ಮರದ ಕೊಂಬೆಯನ್ನು ಸೇರಿಸಿ ಇಲಿಬೋನು ಮಾಡಿದ ಪ್ರಸಂಗ ಆತನ ಬಾಲ್ಯದ ಬಗ್ಗೆ ಬರೆದವರೆಲ್ಲ ಹೇಳುವ ಸಂಗತಿ. ಒಕ್ಕಲುತನ ಆತನಿಗೆ ಒಗ್ಗಲಿಲ್ಲ. ಹದಿಹರೆಯದಲ್ಲಿ ಮನೆಬಿಟ್ಟು ಲಂಡನ್ನಿನ ದಿಕ್ಕು ಹಿಡಿದ. ನಗರದ ಅಂಚಿನ ಲೂಯಿಷಾಮಿನಲ್ಲಿ ಒಂದು ದೊಡ್ಡ ಮನೆಯ ತೋಟದಲ್ಲಿ ಸಹಾಯಕ ಮಾಲಿಯ ಕೆಲಸ ದೊರೆಯಿತು.

ಆ ಮನೆಯ ಯಜಮಾನ ಜಾನ್ ಪೆನ್. ಹಡಗುಗಳಿಗೆ ಉಗಿ ಎಂಜಿನ್ ತಯಾರಿಸುವುದರಲ್ಲಿ ಆ ಕಾಲದ ಇಂಗ್ಲೆಂಡಿನಲ್ಲಿ ದೊಡ್ಡ ಹೆಸರು. ಹಗಲು ಗಿಡಗಳಿಗೆ ನೀರುಣಿಸುತ್ತಿದ್ದ ಹುಡುಗ ಬಿಡುವಿನ ವೇಳೆಯಲ್ಲಿ ಅಕ್ಕಪಕ್ಕದವರ ಗಡಿಯಾರಗಳನ್ನು ಬಿಚ್ಚಿ ಸರಿಮಾಡುತ್ತಿದ್ದ. ಎತ್ತರ ಹೊಂದಿಸಬಲ್ಲ ಮೇಣದ ಬತ್ತಿಯ ಕಂಬ, ಒಂದೇ ದಾರದಿಂದ ಏರಿಳಿಯುವ ಕಿಟಕಿಯ ಪರದೆ, ಯಂತ್ರದಿಂದ ತೂಗುವ ತೊಟ್ಟಿಲು, ಹೀಗೆ ಒಂದಲ್ಲ ಒಂದನ್ನು ಮಾಡುತ್ತಲೇ ಇದ್ದ. ಬಾತುಕೋಳಿ ನುಸುಳಿ ಹೋದ ಮೇಲೆ ಇಲಿ ಹಿಂಬಾಲಿಸದಂತೆ ತಾನಾಗಿ ಮುಚ್ಚಿಕೊಳ್ಳುವ ಬಾಗಿಲನ್ನೂ ಮಾಡಿದ್ದನಂತೆ. ಇವುಗಳಲ್ಲಿ ಯಾವುದೂ ಆತನನ್ನು ಶ್ರೀಮಂತನನ್ನಾಗಿಸಲಿಲ್ಲ. ಯಜಮಾನನ ಕಣ್ಣಿಗೆ ಬೀಳುವಂತೆ ಮಾತ್ರ ಮಾಡಿದವು.

ಪೆನ್ ತನ್ನ ಪತ್ನಿಗಾಗಿ ಒಂದು ಹೊಲಿಗೆ ಯಂತ್ರ ಕೊಂಡು ತಂದಿದ್ದ. ಆಗ ಅದು ಅಪರೂಪದ, ದುಬಾರಿ ಬೆಲೆಯ ವಸ್ತು. ಯಂತ್ರ ಕೆಟ್ಟು ನಿಂತಿತು. ಮಾಲಿಯನ್ನು ಕರೆಸಲಾಯಿತು. ಸ್ಟಾರ್ಲಿ ಅದನ್ನು ಬಿಚ್ಚಿ ಸರಿಪಡಿಸಿದ್ದಲ್ಲದೆ, ಅದು ಮತ್ತೆ ಕೆಡದಂತೆ ಹೇಗೆ ಸುಧಾರಿಸಬಹುದೆಂಬುದನ್ನೂ ಕಂಡುಕೊಂಡ. ಪೆನ್‌ಗೆ ಪರಿಚಿತನಾಗಿದ್ದ ಜೋಸಯಾ ಟರ್ನರ್ ಎಂಬಾತ ಹೊಲಿಗೆ ಯಂತ್ರ ತಯಾರಿಸುವ ಸಂಸ್ಥೆಯೊಂದರ ಪಾಲುದಾರನಾಗಿದ್ದ. 1859ರಲ್ಲಿ ಸ್ಟಾರ್ಲಿ ಆ ಸಂಸ್ಥೆಯ ಲಂಡನ್ ಕಾರ್ಖಾನೆಗೆ ಸೇರಿದ. ಸುಮಾರು 1861ರಲ್ಲಿ ಟರ್ನರ್ ಮತ್ತು ಸ್ಟಾರ್ಲಿ ಇಬ್ಬರೂ ಲಂಡನ್ ಬಿಟ್ಟು ಕೊವೆಂಟ್ರಿಗೆ ಹೋಗಿ ತಮ್ಮದೇ ಹೊಲಿಗೆ ಯಂತ್ರದ ಕಂಪನಿ ತೆರೆದರು.

ಕೊವೆಂಟ್ರಿಯನ್ನು ಆರಿಸಿಕೊಂಡುದಕ್ಕೆ ಕಾರಣವಿತ್ತು. ರೇಷ್ಮೆ ಪಟ್ಟಿಯ ನೇಯ್ಗೆ ಮತ್ತು ಕೈಗಡಿಯಾರ ತಯಾರಿಕೆ ಆ ಊರಿನ ಎರಡು ಕಣ್ಣುಗಳಾಗಿದ್ದವು. 1860ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ವ್ಯಾಪಾರ ಒಪ್ಪಂದ ಮಾಡಿಕೊಂಡು ಫ್ರೆಂಚ್ ರೇಷ್ಮೆ ಸುಂಕವಿಲ್ಲದೆ ಒಳಬಂದಾಗ ನೇಯ್ಗೆಯ ಕಣ್ಣು ಕುರುಡಾಯಿತು. ಮಗ್ಗಗಳು ನಿಂತವು, ಸಾವಿರಾರು ಜನ ಊರು ಬಿಟ್ಟರು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ಕಂಡವರಿಗೆ ಆ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಣ್ಣ ಹಲ್ಲಿನ ಚಕ್ರಗಳನ್ನು ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೊರೆಯಬಲ್ಲ ಕೈಗಳು ಕೆಲಸವಿಲ್ಲದೆ ಕುಳಿತಿದ್ದವು. ಹೊಲಿಗೆ ಯಂತ್ರಕ್ಕೆ ಬೇಕಾಗಿದ್ದುದು ಅಂಥ ಕೈಗಳೇ.

ಹೊಲಿಗೆ ಯಂತ್ರದ ಕಾರ್ಖಾನೆ ಬೈಸಿಕಲ್ ಕಾರ್ಖಾನೆಯಾದದ್ದು ಆಕಸ್ಮಿಕ. 1868ರಲ್ಲಿ ಟರ್ನರನ ಸಂಬಂಧಿ ರೌಲಿ ಟರ್ನರ್ ಪ್ಯಾರಿಸ್ಸಿನಿಂದ ಒಂದು ವೆಲೋಸಿಪೀಡ್ ತಂದ. ಮರದ ಚಕ್ರ, ಕಬ್ಬಿಣದ ಪಟ್ಟಿ, ಮುಂದಿನ ಚಕ್ರಕ್ಕೇ ಜೋಡಿಸಿದ ಪೆಡಲುಗಳ ಈ ವಾಹನ ಸವಾರನ ಮೂಳೆ ಮೂಳೆಯನ್ನೂ ಅಲುಗಿಸುತ್ತಿತ್ತು. ಇದನ್ನು ಕೊವೆಂಟ್ರಿಯಲ್ಲಿ ತಯಾರಿಸಿ ಫ್ರಾನ್ಸಿಗೇ ಮಾರುವುದು ಯೋಜನೆ. ಕಂಪನಿಯ ಹೆಸರೂ ಬದಲಾಯಿತು. ಅಷ್ಟರಲ್ಲಿ 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಸಿಡಿದು ಆ ಮಾರುಕಟ್ಟೆ ಮುಚ್ಚಿಹೋಯಿತು. ಮಾಡಿಟ್ಟ ಗಾಡಿಗಳನ್ನು ಇಂಗ್ಲೆಂಡಿನಲ್ಲೇ ಮಾರಬೇಕಾಯಿತು, ಮಾರಲು ಅವನ್ನು ಸುಧಾರಿಸಬೇಕಾಯಿತು. ಯುದ್ಧ ಸಿಡಿಯದೇ ಹೋಗಿದ್ದರೆ ಸ್ಟಾರ್ಲಿಯ ಬದುಕು ಬಹುಶಃ ಹೊಲಿಗೆ ಯಂತ್ರದ ಸುತ್ತಲೇ ಮುಗಿಯುತ್ತಿತ್ತು.

ಅದೇ 1870ರಲ್ಲಿ ಸ್ಟಾರ್ಲಿ ಸಹೋದ್ಯೋಗಿ ವಿಲಿಯಂ ಹಿಲ್‌ಮನ್ ಜೊತೆಗೂಡಿ ಏರಿಯಲ್ ಎಂಬ ಬೈಸಿಕಲ್ಲಿಗೆ ಪೇಟೆಂಟ್ ಪಡೆದ. ಪೂರ್ತಿ ಲೋಹದ, ಹಗುರವಾದ, ಮುಂದೆ ಎತ್ತರದ ದೊಡ್ಡ ಚಕ್ರವಿದ್ದ ಗಾಡಿ ಅದು. ಮುಂದಿನ ವರ್ಷ ಎಂಟು ಪೌಂಡ್ ಬೆಲೆಗೆ ಮಾರುಕಟ್ಟೆಗೆ ಬಂದಿತು. ಅದರ ನಿಜವಾದ ಹೊಸತನ ಚಕ್ರದಲ್ಲಿತ್ತು. ಎತ್ತಿನ ಗಾಡಿಯ ಚಕ್ರದಲ್ಲಿ ಗುಂಬದ ಮೇಲಿನ ಭಾರವನ್ನು ಕೆಳಗಿನ ಮರದ ಅರೆಗಳು ಕಂಬದಂತೆ ಹೊರುತ್ತವೆ. ತಂತಿ ಕಡ್ಡಿಯ ಚಕ್ರದಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಬಿಗಿದ ತಂತಿಗಳಿಂದ ಗುಂಬ ತೂಗುಬಿದ್ದಿರುತ್ತದೆ. 1874ರಲ್ಲಿ ಸ್ಟಾರ್ಲಿ ಮತ್ತೊಂದು ಹೆಜ್ಜೆ ಮುಂದಿಟ್ಟು, ಕಡ್ಡಿಗಳನ್ನು ನೇರವಾಗಿ ಕೂರಿಸದೆ ಗುಂಬದ ಅಂಚಿಗೆ ಓರೆಯಾಗಿ, ಒಂದನ್ನೊಂದು ಹಾಯ್ದುಹೋಗುವಂತೆ ಜೋಡಿಸಿದ. ಪೆಡಲಿನ ತಿರುಚುವ ಬಲವನ್ನು ಈ ಓರೆ ಕಡ್ಡಿಗಳು ಸಲೀಸಾಗಿ ತಡೆದುಕೊಂಡವು. ಇಂದಿಗೂ ಯಾವುದೇ ಊರಿನ ಸೈಕಲ್ ಅಂಗಡಿಯಲ್ಲಿ ಚಕ್ರಕ್ಕೆ ಕಡ್ಡಿ ಹೆಣೆಯುವ ಬಗೆ ಇದೇ.

ಏರಿಯಲ್ ಗಟ್ಟಿಮುಟ್ಟಾಗಿದೆಯೆಂದು ತೋರಿಸಲು ಸ್ಟಾರ್ಲಿ ಮತ್ತು ಹಿಲ್‌ಮನ್ ಲಂಡನ್ನಿನಿಂದ ಕೊವೆಂಟ್ರಿಗೆ ಒಂದೇ ದಿನದಲ್ಲಿ ಅದರ ಮೇಲೆ ಸವಾರಿ ಮಾಡಿದರು. ಸುಮಾರು 150 ಕಿಲೋಮೀಟರ್ ಅಂತರ, ಗಾಳಿ ತುಂಬಿದ ಟೈರ್ ಇಲ್ಲದ ಕಾಲ. ಸ್ಟಾರ್ಲಿಗೆ ಆಗಲೇ ನಲವತ್ತು ದಾಟಿತ್ತು, ಮೈಯೂ ಭಾರವಾಗಿತ್ತು. ಹಿಲ್‌ಮನ್ ಮುಂದೆ ಅದೇ ಉದ್ಯಮದಲ್ಲಿ ಬಹಳ ದೊಡ್ಡ ಶ್ರೀಮಂತನಾದ. ಸ್ಟಾರ್ಲಿಯ ಒಲವು ಲಾಭದ ಲೆಕ್ಕಕ್ಕಿಂತ ಮುಂದಿನ ಯಂತ್ರದ ಕಡೆಗೇ ಇದ್ದಂತೆ ಕಾಣುತ್ತದೆ.

ಎತ್ತರದ ಬೈಸಿಕಲ್ಲಿನಿಂದ ಬಿದ್ದರೆ ತಲೆ ಕೆಳಗಾಗಿ ಬೀಳಬೇಕು. ನೆಲಮುಟ್ಟುವ ಉಡುಪಿನ ಹೆಂಗಸರಿಗೂ ವಯಸ್ಸಾದವರಿಗೂ ಅದು ಎಟುಕುವಂಥದ್ದಾಗಿರಲಿಲ್ಲ. ಇವರಿಗಾಗಿ ಸ್ಟಾರ್ಲಿ ಮೂರು ಚಕ್ರದ ಗಾಡಿಯ ಕಡೆಗೆ ತಿರುಗಿದ. 1876ರ ಕೊವೆಂಟ್ರಿ ಟ್ರೈಸಿಕಲ್‌ನಲ್ಲಿ ಒಂದು ಪಕ್ಕಕ್ಕೆ ದೊಡ್ಡ ಚಕ್ರ, ಇನ್ನೊಂದು ಪಕ್ಕಕ್ಕೆ ಹಿಂದೊಂದು ಮುಂದೊಂದು ಚಿಕ್ಕ ಚಕ್ರ. ಸವಾರನ ಬಲವೆಲ್ಲ ದೊಡ್ಡ ಚಕ್ರವೊಂದಕ್ಕೇ ಹೋಗುತ್ತಿತ್ತು. ಗಾಡಿ ಚೆನ್ನಾಗಿ ಮಾರಾಟವಾಯಿತು. ಆದರೆ ಒಂದೇ ಪಕ್ಕದಿಂದ ದೂಡಿಸಿಕೊಳ್ಳುವ ವಾಹನಕ್ಕೆ ಇನ್ನೊಂದು ಪಕ್ಕಕ್ಕೆ ವಾಲುವ ಚಾಳಿ ಸಹಜವೇ.

ಹಾಗಾದರೆ ಎರಡು ಚಕ್ರಕ್ಕೂ ಬಲ ಕೊಟ್ಟರಾಯಿತಲ್ಲ ಎನಿಸಬಹುದು. ತೊಡಕು ಇರುವುದೇ ಅಲ್ಲಿ. ಎತ್ತಿನ ಗಾಡಿಯ ಚಕ್ರಗಳು ಅಚ್ಚಿನ ಮೇಲೆ ಒಂದರ ಹಂಗಿಲ್ಲದೆ ಇನ್ನೊಂದು ತಿರುಗುತ್ತವೆ, ಏಕೆಂದರೆ ಎಳೆಯುವುದು ಎತ್ತು, ಚಕ್ರವಲ್ಲ. ಚಕ್ರವೇ ಗಾಡಿಯನ್ನು ದೂಡಬೇಕಾದಾಗ ಅದನ್ನು ಅಚ್ಚಿಗೆ ಭದ್ರಪಡಿಸಬೇಕು. ಎರಡನ್ನೂ ಒಂದೇ ಅಚ್ಚಿಗೆ ಭದ್ರಪಡಿಸಿದರೆ ಗಾಡಿ ತಿರುವಿನಲ್ಲಿ ಮೊಂಡುಬೀಳುತ್ತದೆ. ಹಳೆಯ ಜೀಪಿನ ಹಿಂದಿನ ಚಕ್ರಗಳ ನಡುವಿನ ಅಂತರ ಸುಮಾರು 1.2 ಮೀಟರ್. ಅದು ಪೂರ್ತಿ ಹಿಂದಕ್ಕೆ ತಿರುಗಿಕೊಳ್ಳುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 3.8 ಮೀಟರ್ ಹೆಚ್ಚು ದೂರ ಉರುಳಲೇಬೇಕು. ಒಂದೇ ಅಚ್ಚಿಗೆ ಕಟ್ಟುಬಿದ್ದ ಚಕ್ರಗಳಿಗೆ ಅದು ಸಾಧ್ಯವಿಲ್ಲ. ಯಾವುದಾದರೊಂದು ಚಕ್ರ ನೆಲಕ್ಕೆ ಉಜ್ಜಿಕೊಂಡು ಜಾರಬೇಕು, ಇಲ್ಲವೇ ಅಚ್ಚು ತಿರುಚಿಕೊಳ್ಳಬೇಕು.

ಸ್ಟಾರ್ಲಿ ಇದರಿಂದ ಪಾರಾಗಲು ಮೊದಲು ಹಿಡಿದ ದಾರಿ ಸರಳವಾದದ್ದು. ಇಬ್ಬರು ಸವಾರರು ಅಕ್ಕಪಕ್ಕದಲ್ಲಿ ಕುಳಿತು, ಪ್ರತಿಯೊಬ್ಬರೂ ತಮ್ಮ ಪಕ್ಕದ ಚಕ್ರವನ್ನು ಮಾತ್ರ ತುಳಿಯುವ ನಾಲ್ಕು ಚಕ್ರದ ಗಾಡಿಯನ್ನು ಮಾಡಿದ. ನವದಂಪತಿಗಳ ವಿಹಾರಕ್ಕೆ ಹೇಳಿ ಮಾಡಿಸಿದಂತಿದ್ದ ಇದರ ಪರೀಕ್ಷೆಗೆ 1877ರಲ್ಲಿ ಹೊರಟವರು ಮಾತ್ರ ತಂದೆ ಮತ್ತು ಮಗ. ಮಗ ವಿಲಿಯಂ ಇಪ್ಪತ್ತರ ಆಜುಬಾಜಿನ ಕಟ್ಟುಮಸ್ತಾದ ಯುವಕ. ಊರಾಚೆಯ ದಿಬ್ಬ ಏರುವಾಗ ತಂದೆಗೆ ಏದುಸಿರು ಬಂದಿತು, ಕಾಲು ಸೋತಿತು. ಮಗ ತುಳಿಯುತ್ತಲೇ ಇದ್ದ. ಬಲವಾದ ಪಕ್ಕ ಮುಂದೆ ನುಗ್ಗಿತು, ಸೋತ ಪಕ್ಕ ಹಿಂದುಳಿಯಿತು. ಗಾಡಿ ಗಿರಕಿ ಹೊಡೆದು ರಸ್ತೆ ಬಿಟ್ಟಿತು, ಜೇಮ್ಸ್ ಸ್ಟಾರ್ಲಿ ಬದಿಯ ತುರಿಕೆ ಗಿಡಗಳ ಪೊದೆಯಲ್ಲಿ ಹೋಗಿ ಬಿದ್ದ. ಆ ಕುಟುಂಬದಲ್ಲಿ ಹೇಳಿಕೊಂಡು ಬಂದ ಕಥೆ ಇದು. ಮೈ ತುರಿಸಿಕೊಳ್ಳುತ್ತ ಅಲ್ಲಿಯೇ ಕುಳಿತು ಯೋಚಿಸಿದನೆಂದೂ, ಮರುದಿನವೇ ಪೇಟೆಂಟಿನ ಕೆಲಸಕ್ಕೆ ಲಂಡನ್ನಿಗೆ ಹೊರಟನೆಂದೂ ಕಥೆ ಮುಂದುವರಿಯುತ್ತದೆ. ಬಾಯಿಂದ ಬಾಯಿಗೆ ಹೋಗುವಾಗ ಒಂದಿಷ್ಟು ಬಣ್ಣ ಸೇರಿರಬಹುದು. 1877ರಲ್ಲಿ ಸ್ಟಾರ್ಲಿ ಡಿಫರೆನ್ಷಿಯಲ್‌ಗೆ ಪೇಟೆಂಟ್ ಪಡೆದದ್ದು ಮಾತ್ರ ದಾಖಲೆಯ ಸಂಗತಿ.

ಆತ ಕಂಡುಕೊಂಡ ಪರಿಹಾರವನ್ನು ನಮ್ಮ ಬಯಲುಸೀಮೆಯ ನೊಗದಿಂದ ಬೇಗ ವಿವರಿಸಬಹುದು. ನೊಗದ ನಡುವನ್ನು ಮೂಕಿಗೆ ಕಟ್ಟಿದೆ, ಎರಡು ತುದಿಗಳಲ್ಲಿ ಎರಡು ಎತ್ತು. ಒಂದು ಎತ್ತು ಅರ್ಧ ಹೆಜ್ಜೆ ಮುಂದಾದರೆ ನೊಗ ಓರೆಯಾಗುತ್ತದೆ, ಗಾಡಿ ಮಾತ್ರ ಸಾಗುತ್ತಲೇ ಇರುತ್ತದೆ. ಇಬ್ಬರ ನಡುವೆ ಹೊರೆ ಸಮವಾಗಿ ಹಂಚಿಹೋಗುತ್ತದೆ, ವೇಗ ಮಾತ್ರ ಬೇರೆಯಾಗಬಹುದು. ಸ್ಟಾರ್ಲಿ ಅಚ್ಚನ್ನು ನಡುವೆ ಕತ್ತರಿಸಿ ಎರಡು ತುಂಡು ಮಾಡಿದ. ಪ್ರತಿ ತುಂಡಿನ ತುದಿಗೂ ಒಂದೊಂದು ಓರೆಹಲ್ಲಿನ ಗೇರ್ ಇಟ್ಟ. ಅವೆರಡರ ನಡುವೆ, ಎರಡಕ್ಕೂ ಹಲ್ಲು ಕಚ್ಚುವಂತೆ ಚಿಕ್ಕ ಪಿನಿಯನ್ ಕೂರಿಸಿದ. ಪೆಡಲಿನ ಸರಪಳಿ ತಿರುಗಿಸುವುದು ಈ ಪಿನಿಯನ್ ಹೊತ್ತ ಚೌಕಟ್ಟನ್ನು. ನೇರ ದಾರಿಯಲ್ಲಿ ಪಿನಿಯನ್ ತನ್ನ ಸುತ್ತ ತಾನು ತಿರುಗದೆ, ನೊಗದಂತೆ, ಎರಡೂ ಚಕ್ರಗಳನ್ನು ಜೊತೆಯಾಗಿ ದೂಡುತ್ತದೆ. ತಿರುವಿನಲ್ಲಿ ತಾನೂ ಉರುಳಿಕೊಂಡು ಒಂದು ಚಕ್ರದ ವೇಗವನ್ನು ಕಳೆದಷ್ಟನ್ನು ಇನ್ನೊಂದಕ್ಕೆ ಕೂಡಿಸುತ್ತದೆ. ಈ ಗೇರನ್ನು ಹೊತ್ತು ಬಂದ ಸ್ಟಾರ್ಲಿಯ ಟ್ರೈಸಿಕಲ್ ಸಾಲ್ವೋ ಎಂಬ ಹೆಸರಿನಿಂದ ಜನಪ್ರಿಯವಾಯಿತು.

ಡಿಫರೆನ್ಷಿಯಲ್‌ನ ಕಲ್ಪನೆ ಸ್ಟಾರ್ಲಿಯೊಬ್ಬನದೇ ಎಂದರೆ ಇತಿಹಾಸಕ್ಕೆ ಅಪಚಾರವಾದೀತು. ಫ್ರಾನ್ಸಿನ ಗಡಿಯಾರ ತಜ್ಞ ಒನೆಸಿಫೋರ್ ಪೆಕ್ಕರ್ 1828ರಷ್ಟು ಹಿಂದೆಯೇ ಉಗಿಬಂಡಿಗಾಗಿ ಇಂಥದೇ ಗೇರಿಗೆ ಪೇಟೆಂಟ್ ಪಡೆದಿದ್ದ. ಗಡಿಯಾರಗಳ ಒಳಗೂ ಇದರ ಹತ್ತಿರದ ಸಂಬಂಧಿಗಳಿದ್ದವು. ಆದರೆ ಪೆಕ್ಕರನ ಬಂಡಿ ಬೀದಿಯಲ್ಲಿ ಉಳಿಯಲಿಲ್ಲ. ಸ್ಟಾರ್ಲಿಯ ಗೇರು ಅಂಗಡಿಗೆ ಬಂದು, ಮಾರಾಟವಾಗಿ, ಜನರ ಕಾಲ ಕೆಳಗೆ ದಿನವೂ ತಿರುಗಿತು. ಕಾರ್ಲ್ ಬೆಂಜ್ 1885ರಲ್ಲಿ ಕಟ್ಟಿ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಮೋಟಾರು ಗಾಡಿ ನೋಟಕ್ಕೇ ಎಂಜಿನ್ ಇಟ್ಟ ಟ್ರೈಸಿಕಲ್. ಅದರಲ್ಲಿಯೂ ಡಿಫರೆನ್ಷಿಯಲ್ ಇತ್ತು. ಯಾರು ಮೊದಲಿಗರೆಂಬ ಜಗಳಕ್ಕಿಂತ ಯಾರ ಕೈಯಿಂದ ಅದು ರಸ್ತೆಗೆ ಇಳಿಯಿತೆಂಬುದು ಇಲ್ಲಿ ಹೆಚ್ಚು ಮುಖ್ಯ.

ತಂದೆಯನ್ನು ಪೊದೆಗೆ ಬೀಳದಂತೆ ಕಾಯುವ ಅದೇ ಗುಣವೇ ಎರೆಹೊಲದ ಕೆಸರಿನಲ್ಲಿ ಜೀಪನ್ನು ನಿಲ್ಲಿಸಿಬಿಡುತ್ತದೆ. ಡಿಫರೆನ್ಷಿಯಲ್ ಎರಡು ಚಕ್ರಗಳಿಗೂ ಸಮನಾದ ಬಲವನ್ನೇ ಕೊಡುತ್ತದೆ. ಸಮ ಎಂದಾಗ ದುರ್ಬಲ ಚಕ್ರ ಎಷ್ಟು ತಾಳಬಲ್ಲದೋ ಅಷ್ಟೇ ಬಲಶಾಲಿ ಚಕ್ರಕ್ಕೂ ಸಲ್ಲುತ್ತದೆ. ಒಂದು ಚಕ್ರ ಲೊಳೆಯಾದ ಕೆಸರಿನಲ್ಲಿದ್ದು ನೆಲವನ್ನು ಹಿಡಿಯಲಾರದೆ ಹೋದರೆ, ಗಟ್ಟಿ ನೆಲದ ಚಕ್ರಕ್ಕೆ ದೊರೆಯುವುದೂ ಆ ಅತ್ಯಲ್ಪ ಬಲವೇ. ಎಂಜಿನ್ನಿನ ತಿರುಗಾಟವೆಲ್ಲ ಜಾರುವ ಚಕ್ರದ ಪಾಲಾಗುತ್ತದೆ. ಒಕ್ಕಲಿಗರು ಬಡ ಎತ್ತಿಗೆ ನೊಗದ ಉದ್ದನೆಯ ಪಾಲು ಬಿಟ್ಟು ಅದರ ಹೊರೆ ಇಳಿಸುತ್ತಾರೆ. ಗೇರಿನ ನೊಗದಲ್ಲಿ ಎರಡು ಪಾಲೂ ಸಮ, ಹೊಂದಿಸಲು ಬರುವುದಿಲ್ಲ.

ಡಿಫರೆನ್ಷಿಯಲ್ ಒಡೆಯುವುದು ಬಹಳಷ್ಟು ಸಲ ಈ ಗಳಿಗೆಯಲ್ಲಿಯೇ. ಒಂದು ಚಕ್ರ ಬರಿದೇ ತಿರುಗುತ್ತಿರುವಾಗ ಸಾಮಾನ್ಯವಾಗಿ ನಿಧಾನವಾಗಿ ಉರುಳುವ ಒಳಗಿನ ಚಿಕ್ಕ ಪಿನಿಯನ್‌ಗಳು ಮಿತಿಮೀರಿದ ವೇಗದಲ್ಲಿ ಸುತ್ತುತ್ತವೆ. ಅವು ಕುಳಿತಿರುವ ಅಡ್ಡ ಪಿನ್ನಿಗೆ ಎಣ್ಣೆ ಸಾಲದೆ ಕಾದು ಕಚ್ಚಿಕೊಳ್ಳುತ್ತದೆ. ಇನ್ನೂ ಕೆಟ್ಟದ್ದೆಂದರೆ, ವೇಗವಾಗಿ ತಿರುಗುತ್ತಿರುವ ಚಕ್ರಕ್ಕೆ ಥಟ್ಟನೆ ಕಲ್ಲೋ ಗಟ್ಟಿ ನೆಲವೋ ಸಿಕ್ಕಿದರೆ ಅದರ ಹೊಡೆತವೆಲ್ಲ ಹಲ್ಲುಗಳ ಮೇಲೆ ಬೀಳುತ್ತದೆ. ಹಲ್ಲು ಮುರಿಯುತ್ತದೆ ಅಥವಾ ಆಕ್ಸಲ್ ಶಾಫ್ಟ್ ತುಂಡಾಗುತ್ತದೆ. ಮುರಿದ ಹಲ್ಲಿನ ಚೂರು ಎಣ್ಣೆಯಲ್ಲಿ ತೇಲಿ ಕ್ರೌನ್ ವೀಲ್ ಮತ್ತು ಟೇಲ್ ಪಿನಿಯನ್ ನಡುವೆ ಸಿಕ್ಕಿದರೆ ಸಾವಿರ ರೂಪಾಯಿಯ ರಿಪೇರಿ ಹತ್ತಾರು ಸಾವಿರಕ್ಕೆ ಏರುತ್ತದೆ. ಹಳ್ಳ ದಾಟುವಾಗ ಬಿಸಿಯಾಗಿದ್ದ ಹೌಸಿಂಗ್ ತಣ್ಣೀರಿನಲ್ಲಿ ಮುಳುಗಿ, ಗಾಳಿಯಾಡುವ ತೂತಿನಿಂದಲೂ ಸವೆದ ಸೀಲಿನಿಂದಲೂ ನೀರನ್ನು ಒಳಗೆ ಎಳೆದುಕೊಳ್ಳುವುದು ಮತ್ತೊಂದು ಕಾರಣ. ನೀರು ಬೆರೆತ ಗೇರ್ ಎಣ್ಣೆ ಹಾಲಿನಂತೆ ಬೆಳ್ಳಗಾಗುತ್ತದೆ, ಬೇರಿಂಗುಗಳಿಗೆ ಅದು ವಿಷ.

ಸೂಚನೆಗಳು ಮೊದಲೇ ದೊರೆಯುತ್ತವೆ. ವೇಗ ಹೆಚ್ಚಿಸಿದಾಗ ಅಥವಾ ಇಳಿಸಿದಾಗ ಹಿಂದಿನಿಂದ ಹೊಮ್ಮುವ ಊಳಿಡುವಂಥ ಸದ್ದು, ಗೇರ್ ಬದಲಿಸುವಾಗ ಕೇಳುವ ಬಡಿತ, ಡ್ರೈನ್ ಬೋಲ್ಟಿಗೆ ಅಂಟಿದ ಲೋಹದ ಚಕ್ಕೆ ಇವು ಅಲಕ್ಷಿಸುವಂಥವಲ್ಲ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ವಾಹನದಲ್ಲಿ ಹಿಂದಿನ ಡಿಫರೆನ್ಷಿಯಲ್ ಒಡೆದರೂ ಊರು ಸೇರುವ ಉಪಾಯವೊಂದಿದೆ. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಎರಡೂ ಆಕ್ಸಲ್ ಶಾಫ್ಟುಗಳನ್ನು ಹೊರಗೆಳೆದು, ಮುಂದಿನ ಚಕ್ರಗಳ ಬಲದಿಂದಲೇ ನಿಧಾನವಾಗಿ ಸಾಗಬಹುದು. ಆದರೆ ಚಕ್ರದ ಭಾರವನ್ನು ಹೌಸಿಂಗ್ ತಾನೇ ಹೊರುವ ಬಗೆಯ ಆಕ್ಸಲ್‌ಗೆ ಮಾತ್ರ ಈ ಉಪಾಯ ಸಲ್ಲುತ್ತದೆ. ಶಾಫ್ಟೇ ಚಕ್ರವನ್ನು ಹಿಡಿದಿಟ್ಟಿರುವ ವಾಹನಗಳಲ್ಲಿ ಶಾಫ್ಟ್ ಎಳೆದರೆ ಚಕ್ರವೂ ಕೈಗೆ ಬರುತ್ತದೆ. ಅಂಥ ವಾಹನವನ್ನು ಹಿಂದಿನ ಚಕ್ರ ಎತ್ತಿಕೊಂಡೇ ಸಾಗಿಸಬೇಕು. ಗ್ಯಾರೇಜಿನಲ್ಲಿ ಕ್ರೌನ್ ಮತ್ತು ಪಿನಿಯನ್‌ಗಳನ್ನು ಜೋಡಿಯಾಗಿಯೇ ಬದಲಿಸುವುದು ಕಡ್ಡಾಯ, ಏಕೆಂದರೆ ಅವು ಒಂದನ್ನೊಂದು ಉಜ್ಜಿ ಹೊಂದಿಕೊಂಡ ಜೋಡಿಗಳು. ಹಲ್ಲುಗಳ ನಡುವಿನ ಸಂದು ಮಿಲಿಮೀಟರಿನ ಹತ್ತರಲ್ಲೊಂದು ಎರಡು ಪಾಲಿನಷ್ಟು. ಬಣ್ಣ ಹಚ್ಚಿ ತಿರುಗಿಸಿ ಹಲ್ಲು ಎಲ್ಲಿ ಕಚ್ಚುತ್ತಿದೆಯೆಂದು ನೋಡಿ ಶಿಮ್ ಇಡುವ ಕೆಲಸಕ್ಕೆ ಅವಸರ ಸಲ್ಲದು.

ಈ ದೌರ್ಬಲ್ಯಕ್ಕೆ ಮದ್ದನ್ನು ನಂತರದವರು ಕಂಡುಹಿಡಿದರು. ಟ್ರ್ಯಾಕ್ಟರ್ ಓಡಿಸುವ ರೈತರಿಗೆ ಅದು ಚಿರಪರಿಚಿತ. ಚಕ್ರ ಜಾರತೊಡಗಿದಾಗ ಹಿಮ್ಮಡಿಯಿಂದ ಒತ್ತುವ ಪೆಡಲ್ ಎರಡು ಶಾಫ್ಟುಗಳನ್ನೂ ಒಂದಾಗಿ ಬಿಗಿದು, ಸ್ಟಾರ್ಲಿ ಕತ್ತರಿಸಿದ ಅಚ್ಚನ್ನು ಮತ್ತೆ ಬೆಸೆಯುತ್ತದೆ. ಗಟ್ಟಿ ನೆಲಕ್ಕೆ ಬಂದ ಮೇಲೂ ಕಾಲು ತೆಗೆಯದೆ ತಿರುವು ತೆಗೆದುಕೊಂಡರೆ ಮುರಿಯುವುದು ಮತ್ತೆ ಅದೇ ಗಡಿಗೆಯೊಳಗಿನ ಹಲ್ಲು.

ಸಾಲ್ವೋ ಸ್ಟಾರ್ಲಿಗೆ ತಂದ ಕೀರ್ತಿಯ ಪ್ರಸಂಗ ರಾಣಿ ವಿಕ್ಟೋರಿಯಾಳದು. ವೈಟ್ ದ್ವೀಪದಲ್ಲಿ ರಾಣಿ ಸಾರೋಟಿನಲ್ಲಿ ಹೋಗುತ್ತಿದ್ದಾಗ ಸಾಲ್ವೋ ಏರಿದ ಯುವತಿಯೊಬ್ಬಳು ಕುದುರೆಗಳಿಗೂ ಸಿಗದಂತೆ ಮುಂದೆ ಸಾಗಿದಳಂತೆ. ವಿಚಾರಿಸಿದಾಗ ಆಕೆ ಸ್ಟಾರ್ಲಿಯ ಗಾಡಿಗಳನ್ನು ಮಾರುವ ವ್ಯಾಪಾರಿಯ ಮಗಳೆಂದು ತಿಳಿಯಿತು. ರಾಣಿ ಎರಡು ಟ್ರೈಸಿಕಲ್‌ಗಳಿಗೆ ಬೇಡಿಕೆ ಸಲ್ಲಿಸಿದಳು, ತಯಾರಿಸಿದವನೂ ಜೊತೆಗೆ ಬರಬೇಕೆಂದು ಅಪೇಕ್ಷಿಸಿದಳು. 1881ರಲ್ಲಿ ಆಸ್ಬೋರ್ನ್ ಅರಮನೆಗೆ ಹೋದ ಸ್ಟಾರ್ಲಿಗೆ ಗಡಿಯಾರವೊಂದು ಉಡುಗೊರೆಯಾಗಿ ದೊರೆಯಿತು. ಅರಮನೆಯ ಒಡನಾಟದಿಂದ ಟ್ರೈಸಿಕಲ್‌ಗೆ ರಾಯಲ್ ಸಾಲ್ವೋ ಎಂಬ ಹೆಸರು ಬಂದಿತು. ಮರ್ಯಾದಸ್ಥ ಮನೆತನದ ಹೆಂಗಸರು ಚಕ್ರದ ಗಾಡಿ ಏರುವುದು ತಪ್ಪಲ್ಲವೆಂಬ ಭಾವನೆ ಹರಡಲು ರಾಣಿಯ ಆ ಎರಡು ಗಾಡಿಗಳೇ ಸಾಕಾದವು.

ಆ ಸಂಭ್ರಮ ಹೆಚ್ಚು ದಿನ ಬಾಳಲಿಲ್ಲ. ಕಾಯಿಲೆಗೆ ತುತ್ತಾದ ಸ್ಟಾರ್ಲಿ ಅದೇ 1881ರ ಜೂನ್ 17ರಂದು ಕೊವೆಂಟ್ರಿಯಲ್ಲಿ ತೀರಿಕೊಂಡ. ಆಗ ಆತನಿಗೆ ಐವತ್ತೊಂದು. ತನ್ನ ಗೇರಿಗೆ ಎಂಜಿನ್ ಜೋಡಿಸಿದ ಗಾಡಿಯನ್ನು ಕಾಣಲು ಆತ ಉಳಿಯಲಿಲ್ಲ. ಬೆಂಜ್‌ನ ಗಾಡಿ ಬಂದದ್ದು ಆತ ತೀರಿಕೊಂಡ ನಾಲ್ಕು ವರ್ಷಗಳ ನಂತರ. ಕಾರ್ಖಾನೆಯನ್ನು ಮಕ್ಕಳು ಮುಂದುವರಿಸಿದರು. ದಿಬ್ಬದ ಮೇಲೆ ತಂದೆಯನ್ನು ಪೊದೆಗೆ ಕೆಡವಿದ ವಿಲಿಯಂ ಸ್ವತಃ ಹಲವಾರು ಪೇಟೆಂಟುಗಳ ಒಡೆಯನಾದ.

ಸ್ಟಾರ್ಲಿಯ ಅಣ್ಣತಮ್ಮಂದಿರ ಸಂತಾನದಲ್ಲಿ ಒಬ್ಬ ಜಾನ್ ಕೆಂಪ್ ಸ್ಟಾರ್ಲಿ. ಚಿಕ್ಕ ವಯಸ್ಸಿಗೇ ಕೊವೆಂಟ್ರಿಗೆ ಬಂದು ಜೇಮ್ಸ್‌ನ ಬಳಿ ಕೆಲಸ ಕಲಿತವನು. 1885ರಲ್ಲಿ ಈತ ಹೊರತಂದ ರೋವರ್ ಎಂಬ ಬೈಸಿಕಲ್‌ನಲ್ಲಿ ಎರಡೂ ಚಕ್ರಗಳು ಹೆಚ್ಚುಕಡಿಮೆ ಒಂದೇ ಎತ್ತರ, ಹಿಂದಿನ ಚಕ್ರಕ್ಕೆ ಸರಪಳಿ. ಇಂದಿನ ಸೈಕಲ್ಲಿನ ಆಕಾರ ಅಲ್ಲಿ ನಿಂತಿತು. ಜಾನ್ 1901ರಲ್ಲಿ ತೀರಿಕೊಂಡ ಮೇಲೆ ರೋವರ್ ಕಂಪನಿ 1904ರಿಂದ ಮೋಟಾರು ಕಾರು ಮಾಡತೊಡಗಿತು. ಎರಡನೆಯ ಮಹಾಯುದ್ಧ ಮುಗಿದಾಗ ಆ ಕಂಪನಿಯ ಮಾರಿಸ್ ವಿಲ್ಕ್ಸ್ ತನ್ನ ಹೊಲದಲ್ಲಿ ಅಮೆರಿಕದ ಯುದ್ಧಕಾಲದ ಜೀಪೊಂದನ್ನು ಓಡಿಸುತ್ತಿದ್ದ. ಅಂಥದ್ದನ್ನು ತಾವೇ ಏಕೆ ಮಾಡಬಾರದೆಂಬ ಯೋಚನೆಯಿಂದ ಹುಟ್ಟಿದ್ದು ಲ್ಯಾಂಡ್ ರೋವರ್. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್‌ನ ಪ್ರದರ್ಶನದಲ್ಲಿ ಅದು ಲೋಕಕ್ಕೆ ಕಾಣಿಸಿಕೊಂಡಿತು. ಉಕ್ಕಿನ ಅಭಾವದಿಂದ ಮೈಗೆ ಅಲ್ಯೂಮಿನಿಯಂ, ಒಳಗೆ ಕಾರಿನ ಎಂಜಿನ್, ಹಿಂದೆ ಮುಂದೆ ಒಂದೊಂದು ಡಿಫರೆನ್ಷಿಯಲ್. ಹೆಚ್ಚುಕಡಿಮೆ ಅದೇ ಕಾಲಕ್ಕೆ ಭಾರತದಲ್ಲಿ ಮಹೀಂದ್ರಾ ವಿಲ್ಲೀಸ್ ಜೀಪುಗಳ ಜೋಡಣೆ ಆರಂಭಿಸಿತು. ಅರಣ್ಯ, ಕಂದಾಯ, ನೀರಾವರಿ ಇಲಾಖೆಗಳ ಅಧಿಕಾರಿಗಳೊಂದಿಗೆ ಅವು ಕರ್ನಾಟಕದ ಹಳ್ಳಿ ಹಳ್ಳಿಗೂ ತಲುಪಿದವು. ಲ್ಯಾಂಡ್ ರೋವರ್ ಹೆಸರು ಹಲವು ಕೈ ದಾಟಿ 2008ರಲ್ಲಿ ಟಾಟಾ ಮೋಟಾರ್ಸ್ ಪಾಲಾಯಿತು.

ಕೊವೆಂಟ್ರಿಯ ನಾಗರಿಕರು 1884ರಲ್ಲಿ ಜೇಮ್ಸ್ ಸ್ಟಾರ್ಲಿಗೆ ಸ್ಮಾರಕ ನಿಲ್ಲಿಸಿದರು. ರೇಷ್ಮೆ ಮಗ್ಗಗಳು ನಿಂತ ಮೇಲೆ ಹಸಿದ ಊರಿಗೆ ಹೊಸ ಕಸುಬು ಕೊಟ್ಟವನೆಂಬ ಕೃತಜ್ಞತೆ ಅದರ ಹಿಂದೆ ಇತ್ತು. ಅದರ ಮೇಲೆ ಆತನ ಮುಖದ ಜೊತೆಗೆ ಎತ್ತರದ ಬೈಸಿಕಲ್ ಹಾಗೂ ಟ್ರೈಸಿಕಲ್‌ನ ಕೆತ್ತನೆಗಳಿವೆ. 1940ರ ನವೆಂಬರಿನ ಜರ್ಮನ್ ಬಾಂಬ್ ದಾಳಿಯಲ್ಲಿ ಕೊವೆಂಟ್ರಿಯ ಹಳೆಯ ಪ್ರಾರ್ಥನಾ ಮಂದಿರ ಸೇರಿದಂತೆ ನಗರದ ನಡುಭಾಗ ನೆಲಸಮವಾಯಿತು. ಸ್ಟಾರ್ಲಿಯ ಸ್ಮಾರಕ ಉಳಿದುಕೊಂಡಿತು.